ಅಳಲು ಪುರಸೊತ್ತಿಲ್ಲದವಳು

ಸಿಂಧನೂರಿನಿಂದ ಪತ್ರ ಬರೆದ ಅಕ್ಕಾವರಿಗೆ ನಮಸ್ಕಾರ.

‘ಬ್ರಾಡ್‌ಚರ್ಚ್’ ಎಂಬ ಬ್ರಿಟಿಷ್ ಪತ್ತೇದಾರಿ ಧಾರಾವಾಹಿಯ ಬಗ್ಗೆ ನಾವು ಹಾಕಿದ ಲೇಖನ ಓದಿ ನಿಮಗೆ ಬೇಸರವಾಗಿದೆ. “ಪೊಲೀಸ್ ಆದವಳು ಠಾಣೆಯಲ್ಲೇ ಆರೋಪಿಯನ್ನು ಒದೆಯುವುದೇ? ನಮ್ಮ ಯಜಮಾನರು ಹೋಗಿ ಎರಡು ವರ್ಷ. ಮಕ್ಕಳು, ಶಾಲೆ, ಸಾಲ ಎಲ್ಲ ನಾನೇ ನೋಡಿಕೊಂಡೆ. ಒಂದು ದಿನವೂ ಹದ ತಪ್ಪಲಿಲ್ಲ. ಅವಳನ್ನು ಯಾಕಿಷ್ಟು ದುರ್ಬಲಳಾಗಿ ತೋರಿಸಿದರು?” ಎಂದು ಕೇಳಿದ್ದೀರಿ.

ಒದ್ದದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪೊಲೀಸ್ ಅಧಿಕಾರಿ ಎಲೀ ಮಿಲ್ಲರ್ ದುರ್ಬಲಳು ಅನ್ನುವುದನ್ನು ನಾನು ಒಪ್ಪಲಾರೆ.

2013ರ ಮೊದಲ ಸರಣಿ ನೆನಪಿಸಿಕೊಳ್ಳಿ. ಕೊಲೆಯಾದ 11 ವರ್ಷದ ಡ್ಯಾನಿ ಅವಳ ಮಗನ ಗೆಳೆಯ. ಡ್ಯಾನಿಯ ತಾಯಿ ಬೆತ್ ಅವಳ ಗೆಳತಿ. ಎಂಟೂ ಕಂತು ಮಿಲ್ಲರ್ ಊರಿನವರ ದುಃಖ ಹೊತ್ತು ತಿರುಗುತ್ತಾಳೆ. ನಡುವೆ ಒಬ್ಬ ಹೆಂಗಸು ಸಿಗುತ್ತಾಳೆ. ಅವಳ ಗಂಡ ಮನೆಯಲ್ಲೇ ಮಕ್ಕಳಿಗೆ ಹಿಂಸೆ ಕೊಟ್ಟಿದ್ದವನು. ಮಿಲ್ಲರ್ ಅವಳನ್ನು ಕೇಳುತ್ತಾಳೆ: ನಿನಗೆ ಗೊತ್ತಾಗಲಿಲ್ಲ ಅಂದರೆ ಹೇಗೆ? ಕೊನೆಗೆ ಕೊಲೆಗಾರ ತನ್ನ ಗಂಡ ಜೋ ಎಂದು ತಿಳಿಯುತ್ತದೆ. ಠಾಣೆಯಲ್ಲಿ ಅವಳು ಒದೆಯುವುದು ಅವನನ್ನೇ. ಆಗ ಬೆತ್ ಅದೇ ಪ್ರಶ್ನೆಯನ್ನು ಇವಳಿಗೆ ಕೇಳುತ್ತಾಳೆ. ಈ ಒಂದು ಪ್ರಶ್ನೆ ತಿರುಗಿ ಬಂದ ರೀತಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಗಂಡ ಸತ್ತಿಲ್ಲ, ಆದರೂ ಹೋದ. ಮಣ್ಣು ಕೊಟ್ಟು ಬರುವಂಥ ಸಾವಲ್ಲ ಅದು. ನಮ್ಮ ಕಡೆ ಹಳ್ಳಿಗಳಲ್ಲಿ ಹೆಂಗಸರು ಹಾಡ್ಯಾಡಿ ಅಳುತ್ತಾರೆ, ಅಲ್ವಾ? ಬಿಟ್ಟು ಹೋದವನನ್ನು ಬೈಯುವುದೂ ಅದರಲ್ಲೇ ಬರುತ್ತದೆ. ಯಾರೂ ತಪ್ಪು ತಿಳಿಯುವುದಿಲ್ಲ. ಮಿಲ್ಲರ್‌ಗೆ ಅಂಥ ಜಾಗವೇ ಇರಲಿಲ್ಲ.

ಅವಳ ಸಿಟ್ಟನ್ನು ಧಾರಾವಾಹಿ ಮೆರೆಸುವುದೂ ಇಲ್ಲ. 2015ರ ಎರಡನೇ ಸರಣಿಯಲ್ಲಿ ಆ ಒದೆತದಿಂದಲೇ ಜೋನ ತಪ್ಪೊಪ್ಪಿಗೆಯನ್ನು ಕೋರ್ಟ್ ತಳ್ಳಿ ಹಾಕುತ್ತದೆ. ಅವನು ಬಿಡುಗಡೆಯಾಗುತ್ತಾನೆ. (ನಮ್ಮಲ್ಲಿ ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆ 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದಲೂ ಆರೋಪಿಯ ವಿರುದ್ಧ ನಿಲ್ಲುವುದಿಲ್ಲ.) ಒಂದು ಗಳಿಗೆ ಕೈ ಮೀರಿದ್ದಕ್ಕೆ ಬೆತ್‌ಗೆ ಸಿಗಬೇಕಾದ ನ್ಯಾಯವೇ ಹೋಯಿತು. ಇಷ್ಟು ದುಬಾರಿ ಬೆಲೆ ತೋರಿಸಿದ್ದಾರೆ ಅಂತಲೇ ನನಗೆ ಆ ದೃಶ್ಯದ ಮೇಲೆ ನಂಬಿಕೆ.

ನನ್ನದೂ ಒಂದು ಹೇಳುತ್ತೇನೆ. ಅಪ್ಪ ತೀರಿಕೊಂಡಾಗ ಕಾರ್ಯ ಮುಗಿಯುವವರೆಗೆ ನಾನು ಅಳಲಿಲ್ಲ. ಶಾಮಿಯಾನ, ಅಡುಗೆಯವರು, ಬಂದವರಿಗೆ ಬಸ್ ಎಲ್ಲ ನೋಡಿಕೊಂಡೆ. ಎರಡು ತಿಂಗಳಾದ ಮೇಲೆ ಬಳ್ಳಾರಿಯ ಒಂದು ಕಚೇರಿಯಲ್ಲಿ ಮರಣ ಪ್ರಮಾಣಪತ್ರದ ಜೆರಾಕ್ಸ್ ಇನ್ನೊಂದು ಕೊಡಿ ಎಂದರು. ಕೌಂಟರ್ ಗುದ್ದಿ ಕೂಗಾಡಿದೆ. ಕೇಳಿದವಳು ಮಗಳ ವಯಸ್ಸಿನ ಹುಡುಗಿ. ಅವಳು ಏನೂ ಅನ್ನದೆ ತನ್ನ ನೀರಿನ ಬಾಟಲಿಯನ್ನು ಈ ಕಡೆ ಸರಿಸಿದಳು. ಮುಚ್ಚಳ ತೆಗೆಯಲು ಹೋದರೆ ಕೈ ನಡುಗುತ್ತಿತ್ತು. ಮಾರನೇ ದಿನ ಹೋಗಿ ಕ್ಷಮೆ ಕೇಳಿದೆ.

ಅಕ್ಕಾವರೇ, ಪತ್ರದ ಕೊನೆಯಲ್ಲಿ ಎರಡು ಸಾಲು ಬರೆದು ಹೊಡೆದು ಹಾಕಿದ್ದೀರಿ. ಅದನ್ನು ಓದಲು ನಾನು ಪ್ರಯತ್ನಿಸಲಿಲ್ಲ. ಬರೆಯಬೇಕು ಅನ್ನಿಸಿದರೆ ಇನ್ನೊಮ್ಮೆ ಬರೆಯಿರಿ. ಅಚ್ಚು ಹಾಕುವುದಿಲ್ಲ.

– ಸಂಪಾದಕ