ರೋಬೋ ಜೊತೆ ರಾತ್ರಿಯೆಲ್ಲ ನಡೆದವರು

ಪ್ರಶ್ನೆ: ನನ್ನ ಅಕ್ಕನ ಮಗ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಎರಡು ಕಾಲಿನ ರೋಬೋ ಮಾಡುವ ಲ್ಯಾಬ್‌ಗೆ ಪಿಎಚ್‌ಡಿ ಮಾಡಲು ಸೇರಿದ್ದಾನೆ. ಯಾವಾಗ ಫೋನ್ ಮಾಡಿದರೂ ‘ವೈರ್ ಸರಿ ಮಾಡ್ತಿದ್ದೀನಿ ಚಿಕ್ಕಮ್ಮ, ಆಮೇಲೆ ಮಾತಾಡ್ತೀನಿ’ ಅಂತಾನೆ. ಇಷ್ಟೆಲ್ಲ ಓದಿದ್ದು ವೈರ್ ಕಟ್ಟೋಕಾ ಸರ್?
– ಓದುಗರು, ತಿಪಟೂರು

ಹೌದಮ್ಮ, ವೈರ್ ಕಟ್ಟೋಕೇ. ಹುಡುಗ ನಿಜವನ್ನೇ ಹೇಳುತ್ತಿದ್ದಾನೆ, ಬೈಯಬೇಡಿ.

ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು. ಮಕ್ಕಳ ಪ್ರಾಜೆಕ್ಟ್ ಕೈಕೊಟ್ಟಾಗಲೆಲ್ಲ ಅವರು ಮೊದಲು ಪ್ರೋಗ್ರಾಂ ನೋಡುತ್ತಿದ್ದರು, ನಾನು ಮೊದಲು ಕನೆಕ್ಟರ್ ನೋಡುತ್ತಿದ್ದೆ. ಮೇಜಿನ ಮೇಲೆ ಸುಮ್ನೆ ನಿಂತಿದ್ದಾಗ ಎಲ್ಲ ಸರಿ ಇರುತ್ತದೆ. ಮೋಟರ್ ತಿರುಗಿ ಅಲುಗಾಟ ಶುರುವಾದ ಕೂಡಲೇ ಸಿಗ್ನಲ್ ಮಾಯ. ಕಿತ್ತು ನೋಡಿದರೆ ಕ್ರಿಂಪ್, ಅಂದರೆ ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ಹಿಡಿ, ನೆಟ್ಟಗೆ ಕೂತಿರುವುದಿಲ್ಲ. ತಾಮ್ರದ ಒಂದೆರಡು ಎಳೆ ಮಾತ್ರ ಹಿಡಿದುಕೊಂಡಿರುತ್ತವೆ, ಬೆರಳಲ್ಲಿ ಎಳೆದರೆ ಕೈಗೇ ಬರುತ್ತದೆ. ನಡೆಯುವ ಯಂತ್ರಕ್ಕೆ ಈ ಕಾಟ ಇನ್ನೂ ಜಾಸ್ತಿ. ಹೆಜ್ಜೆ ಹೆಜ್ಜೆಗೂ ಪಾದ ನೆಲಕ್ಕೆ ಬಡಿಯುತ್ತದೆ. ಆ ಪೆಟ್ಟು ಮೇಲಿನವರೆಗೆ ಏರಿ ಒಂದೊಂದು ಸ್ಕ್ರೂವನ್ನೂ ಸಡಿಲ ಮಾಡುತ್ತದೆ.

ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಇದೆ. ಅಲ್ಲಿ ಆಂಡಿ ರುಯಿನಾ ಎಂಬ ಪ್ರೊಫೆಸರ ಲ್ಯಾಬಿನಲ್ಲಿ ‘ರೇಂಜರ್’ ಅಂತ ಒಂದು ರೋಬೋ ಮಾಡಿದರು. ನೋಡಲು ಏನೂ ಚೆಂದವಿಲ್ಲ. ಮಂಡಿ ಇಲ್ಲ, ಕೈ ಇಲ್ಲ. ಪಕ್ಕಕ್ಕೆ ಬೀಳದಿರಲಿ ಅಂತ ಒಳಗಿನದೊಂದು, ಹೊರಗಿನದೊಂದು ಎಂದು ಎರಡು ಜೋಡಿ ಕಾಲು. ಒಂದು ಜೋಡಿ ಒಂದೇ ಕಾಲಿನಂತೆ ಕೆಲಸ ಮಾಡುವುದರಿಂದ ಅದನ್ನು ಎರಡು ಕಾಲಿನದೆಂದೇ ಲೆಕ್ಕ ಹಿಡಿಯುತ್ತಾರೆ. ಎರಡು ಊರುಗೋಲು ಹಿಡಿದವರು ನಡೆಯುತ್ತಾರಲ್ಲ, ಹಾಗೆ ಅದರ ನಡಿಗೆ. ಮಂಡಿ ಇಲ್ಲದ ಕಾಲನ್ನು ಮುಂದಕ್ಕೆ ಬೀಸಿದರೆ ಪಾದ ನೆಲಕ್ಕೆ ತಾಗುತ್ತದೆ, ಅಲ್ವಾ? ಅದಕ್ಕೇ ಬೀಸುವಾಗ ಪಾದವನ್ನು ಮೇಲಕ್ಕೆ ಮಡಚಿಕೊಂಡು, ಊರುವ ಹೊತ್ತಿಗೆ ಇಳಿಸುತ್ತದೆ.

2011ರ ಮೇ 1ರಂದು ಅದನ್ನು ಬಾರ್ಟನ್ ಹಾಲ್ ಎಂಬ ಒಳಾಂಗಣ ಟ್ರ್ಯಾಕಿಗೆ ಬಿಟ್ಟರು. ಮಾರನೆಯ ದಿನದವರೆಗೂ ನಡೆಯುತ್ತಲೇ ಇತ್ತು. 30 ಗಂಟೆ 49 ನಿಮಿಷ, 65 ಕಿಲೋಮೀಟರು, 1,86,076 ಹೆಜ್ಜೆ. ಒಂದೇ ಸಲ ಚಾರ್ಜ್ ಮಾಡಿದ ಬ್ಯಾಟರಿ, ನಡುವೆ ಯಾರೂ ಮುಟ್ಟಿಲ್ಲ. ಸರಾಸರಿ ತಿಂದ ಕರೆಂಟು 16 ವಾಟ್. ನಮ್ಮ ಮೀಟರಿನ ಲೆಕ್ಕದಲ್ಲಿ ಅಷ್ಟು ದೂರಕ್ಕೂ ಸೇರಿ ಅರ್ಧ ಯೂನಿಟ್!

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈ ರೋಬೋಗೆ ಟ್ರ್ಯಾಕಿನ ತಿರುವು ಗೊತ್ತಾಗುತ್ತಿರಲಿಲ್ಲ. ಆಟಿಕೆಗಿರುವಂಥ ರಿಮೋಟ್ ಹಿಡಿದು ಒಬ್ಬರು ಜೊತೆಯಲ್ಲೇ ನಡೆಯುತ್ತಾ ತಿರುಗಿಸಬೇಕಿತ್ತು. ಒಂದು ಸುತ್ತು 212 ಮೀಟರು, ಅಂಥವು ಮುನ್ನೂರಕ್ಕೂ ಹೆಚ್ಚು. ಅದರ ವೇಗವೋ ಗಂಟೆಗೆ ಎರಡೇ ಕಿಲೋಮೀಟರು ಚಿಲ್ಲರೆ. ಅಷ್ಟು ನಿಧಾನ ನಡೆಯುವುದೇ ಮನುಷ್ಯರಿಗೆ ಶಿಕ್ಷೆ. ಜನ ಸರದಿಯ ಮೇಲೆ ನಡೆದರು, ರಾತ್ರಿ ಹೊತ್ತಿನಲ್ಲೂ. ಅಷ್ಟು ದೂರ ನಡೆದ ದಾಖಲೆ ಬರೆದಿದ್ದು ಮಾತ್ರ ರೋಬೋ ಹೆಸರಿಗೆ.

ಅದರ ಬಗ್ಗೆ ಆಮೇಲೆ ಬಂದ ಸಂಶೋಧನಾ ಲೇಖನದಲ್ಲಿ ಏಳು ಜನರ ಹೆಸರಿದೆ. ಮೊದಲ ಹೆಸರು ಪ್ರಣವ್ ಭೌನ್‌ಸುಲೆ, ಆಗ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು. ರುಯಿನಾ ಹೆಸರು ಕೊನೆಗೆ. ನನಗೆ ಇಷ್ಟವಾದದ್ದು ಎರಡನೇ ಹೆಸರು, ಜೇಸನ್ ಕಾರ್ಟೆಲ್. ಅವರು ಪ್ರೊಫೆಸರೂ ಅಲ್ಲ, ವಿದ್ಯಾರ್ಥಿಯೂ ಅಲ್ಲ. ಆಗ ಲ್ಯಾಬ್ ನೋಡಿಕೊಳ್ಳುತ್ತಿದ್ದ ಇಂಜಿನಿಯರ್. ಹುಡುಗರು ಬರುತ್ತಾರೆ, ಡಿಗ್ರಿ ಮುಗಿಸಿ ಹೋಗುತ್ತಾರೆ. ಯಾವ ಬೋರ್ಡಿಗೆ ಯಾವ ವೈರ್ ಹೋಗುತ್ತದೆ ಅಂತ ತಲೆಯಲ್ಲಿ ಇಟ್ಟುಕೊಂಡು ಉಳಿಯುವುದು ಇಂಥವರೇ. ನಮ್ಮ ಕಡೆ ಎಷ್ಟೋ ಕಾಲೇಜುಗಳಲ್ಲಿ ಅವರ ಹೆಸರು ಲೇಖನದ ಕೊನೆಯ ‘ಕೃತಜ್ಞತೆ’ ಸಾಲಿಗೂ ಬರುವುದಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಹೊಟ್ಟೆಯುರಿ ಇದೆ ಅಂತಲೇ ಇಟ್ಟುಕೊಳ್ಳಿ.

ನಿಮ್ಮ ಅಕ್ಕನ ಮಗನಿಗೆ ಭಾನುವಾರ ಬೆಳಿಗ್ಗೆ ಫೋನ್ ಮಾಡಿ. ಅಲ್ಲಿ ಶನಿವಾರ ಸಂಜೆಯೋ ರಾತ್ರಿಯೋ ಆಗಿರುತ್ತದೆ. ಆಗಲೂ ಲ್ಯಾಬಿನಲ್ಲೇ ಇದ್ದರೆ ‘ಊಟ ಆಯ್ತಾ’ ಅಂತ ಮಾತ್ರ ಕೇಳಿ.

ಪ್ರಶ್ನೆ: ಚಕ್ರ ಹಾಕಿದರೆ ಸಲೀಸಾಗಿ ಹೋಗುವಾಗ ಕಾಲು ಯಾಕೆ ಬೇಕು?
– ಓದುಗರು, ಗದಗ

ರಸ್ತೆ ಇದ್ದ ಕಡೆ ಬೇಡ. ಮೆಟ್ಟಿಲು, ಹೊಸ್ತಿಲು, ಗದ್ದೆಬದು ಬಂದಾಗ ಬೇಕು. ಇನ್ನೂ ಒಂದು ಕಾರಣ ಇದೆ. ನಾವು ಹೇಗೆ ನಡೆಯುತ್ತೇವೆ ಅಂತ ನಮಗೇ ಪೂರ್ತಿ ತಿಳಿದಿಲ್ಲ, ಮಾಡಿ ನೋಡಿದರೆ ತಿಳಿಯುತ್ತದೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿದ್ದ ಟ್ಯಾಡ್ ಮೆಕ್‌ಗೀರ್, ಮೋಟರ್ರೇ ಇಲ್ಲದ ಕಾಲುಗಳು ಸಣ್ಣ ಇಳಿಜಾರಿನಲ್ಲಿ ತಾವಾಗಿ ನಡೆಯಬಲ್ಲವು ಅಂತ 1990ರಲ್ಲಿ ತೋರಿಸಿದರು. ರೇಂಜರ್ ಅಷ್ಟು ಕಡಿಮೆ ಕರೆಂಟಿನಲ್ಲಿ ನಡೆದದ್ದು ಇದೇ ದಾರಿ ಹಿಡಿದು.

ಪ್ರಶ್ನೆ: ರೋಬೋ ಬಿದ್ದು ಮುರಿದರೆ ಯಾರಿಗೆ ಬೈತಾರೆ ಸರ್?
– ಒಂಬತ್ತನೇ ಕ್ಲಾಸಿನ ಹುಡುಗ, ಶಿರಸಿ

ಒಳ್ಳೇ ಪ್ರಶ್ನೆ ಮರಿ. ಬೀಳುತ್ತೆ ಅಂತ ಗೊತ್ತಿದ್ದೇ ಅದನ್ನು ನಡೆಸುವುದು. ಹೊಸ ಪ್ರೋಗ್ರಾಂ ಹಾಕಿದಾಗ ಮೇಲಿನ ಚೌಕಟ್ಟಿಗೆ ಹಗ್ಗದಲ್ಲಿ ಕಟ್ಟಿರುತ್ತಾರೆ. ಪಕ್ಕದಲ್ಲೊಬ್ಬರು ಕರೆಂಟ್ ಕಡಿಯುವ ಬಟನ್ ಹಿಡಿದು ನಿಂತಿರುತ್ತಾರೆ.

ಅಮೆರಿಕದ ಆರಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಹರ್ಸ್ಟ್ ಮೇಷ್ಟ್ರ ಲ್ಯಾಬಿನಲ್ಲಿ ‘ಕ್ಯಾಸಿ’ ಅಂತ ಒಂದು ರೋಬೋ ತಯಾರಾಯಿತು. ಬರೀ ಸೊಂಟ ಮತ್ತು ಕಾಲು, ಉಷ್ಟ್ರಪಕ್ಷಿಯ ಕಾಲಿನ ಥರ. 2021ರಲ್ಲಿ ಅದು ಹೊರಗೆ 5 ಕಿಲೋಮೀಟರ್ ಓಡಿತು, 53 ನಿಮಿಷದಲ್ಲಿ. ನಡುವೆ ಎರಡು ಸಲ ಬಿತ್ತು. ಒಂದು ಸಲ ಅದರ ಕಂಪ್ಯೂಟರ್ ಬಿಸಿಯಾಗಿ ನಿಂತುಹೋಗಿತ್ತು. ಇನ್ನೊಂದು ಸಲ ಓಡಿಸುತ್ತಿದ್ದವರು ಜೋರಾಗಿ ತಿರುಗಿಸಿಬಿಟ್ಟಿದ್ದರು. ಎತ್ತಿ ನಿಲ್ಲಿಸಿ ಮತ್ತೆ ಹೊರಡಿಸಲು ಹಿಡಿದ ಆರೂವರೆ ನಿಮಿಷ ಸೇರಿಯೇ ಆ 53 ನಿಮಿಷ. ಅವರು ಅದನ್ನು ಮುಚ್ಚಿಡಲಿಲ್ಲ, ಹಾಗೇ ಹೇಳಿದರು.

ಮಾರನೇ ವರ್ಷ 100 ಮೀಟರನ್ನು 24.73 ಸೆಕೆಂಡಿನಲ್ಲಿ ಓಡಿ ಗಿನ್ನೆಸ್ ದಾಖಲೆ ಮಾಡಿತು. ಆ ಪ್ರಯತ್ನದ ಮುಂದಾಳು ಡೆವಿನ್ ಕ್ರೌಲಿ ಎಂಬ ವಿದ್ಯಾರ್ಥಿ. ಓಡಿಸುವುದಕ್ಕಿಂತ ಅದನ್ನು ನಿಂತಲ್ಲಿಂದ ಹೊರಡಿಸಿ, ಕೊನೆಗೆ ಬೀಳದಂತೆ ನಿಲ್ಲಿಸುವುದೇ ಅವರಿಗೆ ಜಾಸ್ತಿ ಕಷ್ಟವಾಗಿತ್ತು. ನೀನೂ ಇಳಿಜಾರಿನಲ್ಲಿ ಓಡಿ ನೋಡು, ಗೊತ್ತಾಗುತ್ತೆ. ಮಂಡಿ ತರಚಿಕೊಂಡರೆ ನನ್ನ ಹೆಸರು ಹೇಳಬೇಡ.

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ರೋಬೋ ಸಂಶೋಧನೆ ಮೆಕ್ಯಾನಿಕಲ್‌ನವರಿಗೆ, ಅದೂ ಫಾರಿನ್‌ನಲ್ಲಿ ಮಾತ್ರ ಅಂತಾರೆ. ನಿಜವಾ ಸರ್?
– ವಿದ್ಯಾರ್ಥಿನಿ, ಪುತ್ತೂರು

ಸುಳ್ಳು ಕಣಮ್ಮ. ನಿನ್ನ ಊರಿನಿಂದ ಸುರತ್ಕಲ್ ಎಷ್ಟು ದೂರ? ಅಲ್ಲಿನ ಎನ್‌ಐಟಿಕೆಯಲ್ಲಿ ಎಲೆಕ್ಟ್ರಿಕಲ್ ಓದಿದ ಶಿಶಿರ್ ಕೋಲತ್ತಾಯ, ಅಮೆರಿಕದಲ್ಲಿ ಆರನ್ ಏಮ್ಸ್ ಎಂಬ ಪ್ರೊಫೆಸರ ಕೈಕೆಳಗೆ ಎರಡು ಕಾಲಿನ ರೋಬೋಗಳ ಮೇಲೆ ಕೆಲಸ ಮಾಡಿ ಪಿಎಚ್‌ಡಿ ಪಡೆದರು. ವಾಪಸ್ ಬಂದು ಬೆಂಗಳೂರಿನ ಐಐಎಸ್‌ಸಿಯಲ್ಲಿ ಲ್ಯಾಬ್ ನಡೆಸುತ್ತಿದ್ದಾರೆ. ಅಲ್ಲಿ ‘ಸ್ಟಾಕ್’ ಎಂಬ ನಾಲ್ಕು ಕಾಲಿನ ರೋಬೋ ಬೆಳೆಸಿದ್ದಾರೆ. ಈ ವಿದ್ಯೆ ಗುರುವಿನಿಂದ ಶಿಷ್ಯರಿಗೆ ಹೀಗೇ ಹರಿಯುವುದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಜೆಸ್ಸಿ ಗ್ರಿಝಲ್ ಎಂಬ ಪ್ರೊಫೆಸರ ಹತ್ತಿರ ‘ಮೇಬಲ್’ ಎಂಬ ಎರಡು ಕಾಲಿನ ರೋಬೋ ಓಡಿಸಿದ ಕೌಶಿಲ್ ಶ್ರೀನಾಥ್ ಈಗ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಲ್ಯಾಬ್ ಕಟ್ಟಿದ್ದಾರೆ.

ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಎರಡನೇ ವರ್ಷಕ್ಕೆ ಸೇರು. ಅಷ್ಟರಲ್ಲಿ ಎರಡು ಕೆಲಸ ಮಾಡು. ಒಂದು, ಕಾಲೇಜಿನ ಲ್ಯಾಬಿನಲ್ಲಿ ಸೋಲ್ಡರಿಂಗ್, ಕ್ರಿಂಪಿಂಗ್ ಕೈಗೆ ಕೂರುವವರೆಗೆ ಮಾಡು. ಬೇಡ ಅಂದರೆ ಎಚ್‌ಒಡಿಗೆ ಈ ಅಂಕಣ ತೋರಿಸು. ಎರಡು, ಡೈನಮಿಕ್ಸ್, ಅಂದರೆ ಬಲ ಮತ್ತು ಚಲನೆಯ ಪಾಠ, ಓದು. ಮೇಲೆ ಹೇಳಿದ ರುಯಿನಾ, ಆಗ ಐಐಎಸ್‌ಸಿಯಲ್ಲಿದ್ದ ರುದ್ರಪ್ರತಾಪ್ ಜೊತೆ ಸೇರಿ ಒಂದು ಮೆಕ್ಯಾನಿಕ್ಸ್ ಪುಸ್ತಕ ಬರೆದಿದ್ದಾರೆ, ಕಾರ್ನೆಲ್‌ನ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ದಪ್ಪ ಇದೆ, ಹೆದರಬೇಡ. ಮೊದಲು ಬಲಗಳ ಚಿತ್ರ ಬರೆಯುವ ಅಧ್ಯಾಯವನ್ನು ಪೆನ್ಸಿಲ್ ಹಿಡಿದುಕೊಂಡು ಓದು. ಸಿಕ್ಕಿಹಾಕಿಕೊಂಡರೆ ಬರೆ, ಮುಂದಿನ ಸಂಚಿಕೆಯಲ್ಲಿ ಬಿಡಿಸೋಣ.