ಹಳೆ ಪುಸ್ತಕ ಕೊಳ್ಳುವ ಮುನ್ನ, ಕೊಂಡ ಮೇಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ತಿಂಗಳಿಗೆ 500 ರೂಪಾಯಿ ಪುಸ್ತಕಕ್ಕೆಂದು ತೆಗೆದಿಡಬಲ್ಲೆ. ಆಗಾಗ ಬೆಂಗಳೂರಿಗೆ ಬರುತ್ತಿರುತ್ತೇನೆ. ಹಳೆ ಪುಸ್ತಕಗಳನ್ನೇ ಕೊಂಡು ಮನೆಯಲ್ಲೊಂದು ಸಣ್ಣ ಸಂಗ್ರಹ ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಪಟ್ಟಿಯಿಂದ ಶುರು ಮಾಡಿ. ಬೇಕಾದ ಇಪ್ಪತ್ತು ಮೂವತ್ತು ಪುಸ್ತಕಗಳ ಹೆಸರು, ಲೇಖಕರು, ಎದುರಿಗೆ ಇವತ್ತಿನ ಹೊಸ ಪ್ರತಿಯ ಬೆಲೆ ಬರೆದುಕೊಳ್ಳಿ. ಈ ಬೆಲೆಯ ಕಾಲಂ ಇಲ್ಲದೆ ಅಂಗಡಿಗೆ ಹೋದವರೇ ಹೆಚ್ಚು ದುಡ್ಡು ಕಳೆಯುವುದು. ಕನ್ನಡದ ಎಷ್ಟೋ ಪುಸ್ತಕಗಳು ಹೊಸದಾಗಿಯೇ ಕೈಗೆಟಕುವ ಬೆಲೆಗೆ ಸಿಗುತ್ತವೆ. ಕನ್ನಡ ಪುಸ್ತಕ ಪ್ರಾಧಿಕಾರ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರ, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಕಡಿಮೆ ಬೆಲೆ ಇಡುತ್ತವೆ. ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿ ಬೇರೆ ಸಿಗುತ್ತದೆ. ಹೊಸದೇ 150ಕ್ಕೆ ಸಿಗುವ ಪುಸ್ತಕದ ಮಾಸಿದ ಪ್ರತಿಗೆ 120 ಕೊಟ್ಟರೆ ಉಳಿದದ್ದೇನು? ಇನ್ನೂ ಮುದ್ರಣದಲ್ಲಿರುವ ಪುಸ್ತಕವಾದರೆ ಹಳೆ ಪ್ರತಿಗೆ ಹೊಸದರ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಮರುಮುದ್ರಣವೇ ಆಗದ ಪುಸ್ತಕಕ್ಕೆ ಈ ಲೆಕ್ಕ ಹಿಡಿಸದು. ಅಲ್ಲಿ ನಿಮಗೆ ಅದು ಎಷ್ಟು ಬೇಕು ಅನ್ನುವುದೇ ಬೆಲೆ.

ಹಳೆಯದರಲ್ಲಿ ನಿಜವಾದ ಉಳಿತಾಯ ಆಗುವುದು ಇಂಗ್ಲಿಷ್ ಪುಸ್ತಕ, ದೊಡ್ಡ ನಿಘಂಟು, ಕಾಲೇಜಿನ ಪಠ್ಯಗಳಲ್ಲಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಪಠ್ಯ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳದ್ದೇ ಭರಾಟೆ. ಸಾಹಿತ್ಯ ಬೇಕಾದರೆ ಬಾಯಿಬಿಟ್ಟು ಕೇಳಬೇಕು, ಒಳಗಿನ ರಾಶಿಯಿಂದ ತೆಗೆದುಕೊಡುತ್ತಾರೆ. ಅಲ್ಲಿ ಚೌಕಾಸಿ ಉಂಟು. ಒಂದೊಂದಕ್ಕೇ ಮಾಡದೆ ನಾಲ್ಕೈದು ಪುಸ್ತಕ ಒಟ್ಟಿಗೆ ಎತ್ತಿಟ್ಟು ಒಂದು ಮೊತ್ತ ಕೇಳಿ. ಚರ್ಚ್ ಸ್ಟ್ರೀಟಿನ ಬ್ಲಾಸಂ, ಬುಕ್‌ವರ್ಮ್‌ನಂಥ ಅಂಗಡಿಗಳಲ್ಲಿ ಬೆಲೆಯನ್ನು ಪುಸ್ತಕದಲ್ಲೇ ನಮೂದಿಸಿರುತ್ತಾರೆ, ಅಲ್ಲಿ ಚೌಕಾಸಿ ಹೆಚ್ಚು ನಡೆಯದು. ಆದರೆ ವಿಷಯವಾರು ಜೋಡಿಸಿರುವುದರಿಂದ ಸಮಯ ಉಳಿಯುತ್ತದೆ. ಬ್ರಿಗೇಡ್ ರಸ್ತೆಯ ಬದಿಯ ಸೆಲೆಕ್ಟ್ ಬುಕ್ ಶಾಪ್ 1945ರಷ್ಟು ಹಳೆಯದು. ಅಪರೂಪದ ಪುಸ್ತಕ ಹುಡುಕುವವರು ಒಮ್ಮೆ ನೋಡಲೇಬೇಕು.

ನಿಮ್ಮೂರಿನ ಗುಜರಿ ಅಂಗಡಿಯನ್ನು ಮರೆಯಬೇಡಿ. ಅವರು ಕೊಳ್ಳುವುದು ತೂಕಕ್ಕೆ, ಹಾಗಾಗಿ ತೂಕಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೂ ಅವರಿಗೆ ಲಾಭವೇ. ಪುಸ್ತಕ ಬಂದರೆ ಹರಿಯದೆ ಪಕ್ಕಕ್ಕಿಡಿ ಎಂದು ಹೇಳಿ, ಫೋನ್ ನಂಬರ್ ಕೊಟ್ಟು ಬನ್ನಿ. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ಮನೆ ಖಾಲಿ ಮಾಡುವವರು ಹೆಚ್ಚಿರುವ ಹೊತ್ತಿನಲ್ಲಿ ಅಲ್ಲಿಗೆ ಒಳ್ಳೆಯ ಸಂಗ್ರಹಗಳೇ ಬಂದು ಬೀಳುತ್ತವೆ.

ಪ್ರಶ್ನೆ: ಹಳೆ ಕಾದಂಬರಿಯೊಂದನ್ನು ಕೊಂಡು ಮನೆಗೆ ತಂದು ಓದುವಾಗ ನಡುವೆ 16 ಪುಟಗಳೇ ಇರಲಿಲ್ಲ. ಅಂಗಡಿಯಲ್ಲಿ ನಿಂತಲ್ಲೇ ಇದನ್ನು ಪತ್ತೆ ಹಚ್ಚುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ಸರಿಯಾಗಿ 16 ಪುಟ ಕಾಣೆಯಾಗಿರುವುದು ಯಾರೋ ಹರಿದದ್ದರಿಂದ ಅಲ್ಲ, ಬಹುತೇಕ ಬೈಂಡಿಂಗ್‌ನಲ್ಲೇ ಆದ ತಪ್ಪು. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ. ದೊಡ್ಡ ಹಾಳೆಯ ಮೇಲೆ 8 ಅಥವಾ 16 ಪುಟ ಮುದ್ರಿಸಿ, ಮಡಚಿ, ಒಂದರ ಮೇಲೊಂದು ಪೇರಿಸಿ ಹೊಲಿಯುತ್ತಾರೆ. ಪೇರಿಸುವಾಗ ಒಂದು ಫಾರಂ ಬಿಟ್ಟುಹೋದರೆ 16 ಪುಟ ಮಾಯ. ಕೆಲವೊಮ್ಮೆ 97ರಿಂದ 112ರವರೆಗಿನ ಫಾರಂ ಎರಡು ಸಲ ಸೇರಿ, 113ರಿಂದ 128 ಇರುವುದೇ ಇಲ್ಲ. ಪುಸ್ತಕದ ದಪ್ಪ ಸರಿಯಾಗಿಯೇ ಇರುವುದರಿಂದ ಕೈಗೆ ಗೊತ್ತಾಗದು.

ಹಾಗಾಗಿ ಪ್ರತಿ ಪುಟ ಎಣಿಸುವ ಬದಲು ಫಾರಂ ಶುರುವಾಗುವ ಪುಟಗಳನ್ನಷ್ಟೇ ನೋಡಿ: 1, 17, 33, 49, 65, 81, 97, 113, ಹೀಗೆ 16 (8 ಪುಟದ ಫಾರಂ ಆದರೆ 8) ಕೂಡುತ್ತ ಹೋಗಿ. ಹಳೆಯ ಮೊಳೆಯಚ್ಚಿನ, ಅಂದರೆ ಸೀಸದ ಅಕ್ಷರ ಜೋಡಿಸಿ ಅಚ್ಚು ಹಾಕಿದ, ಪುಸ್ತಕಗಳಲ್ಲಿ ಆ ಪುಟದ ಕೆಳಗೆ ಸಣ್ಣ ಅಂಕಿಯಲ್ಲಿ ಫಾರಂ ಸಂಖ್ಯೆಯೂ ಇರುವುದುಂಟು. 200 ಪುಟದ ಪುಸ್ತಕಕ್ಕೆ ಹದಿಮೂರು ಕಡೆ ತೆರೆದರೆ ಸಾಕು, ಒಂದು ನಿಮಿಷದ ಕೆಲಸ. ಕೊನೆಯ ಪುಟ ಬೇರೆಯಾಗಿ ನೋಡಿ. ಮೊದಲು ಉದುರುವುದು ಅದೇ.

ಆಮೇಲೆ ಪುಸ್ತಕದ ಮಧ್ಯಕ್ಕೆ ತೆರೆದು ಬೆನ್ನಿನ ಒಳಗೆ ಕಣ್ಣು ಹಾಯಿಸಿ. ಮಡಿಕೆಯ ನಡುವೆ ದಾರ ಕಂಡರೆ ಅದು ಹೊಲಿದ ಪುಸ್ತಕ, ಬೆನ್ನು ಸಡಿಲಾಗಿದ್ದರೂ ರಿಪೇರಿ ಆಗುತ್ತದೆ. ದಾರವಿಲ್ಲದೆ ಬರೀ ಅಂಟಿದ್ದು, ತೆರೆದಾಗ 'ಟಕ್' ಎಂದರೆ ಆ ಪುಟಗಳು ಒಂದೆರಡು ಓದಿನಲ್ಲಿ ಕೈಗೆ ಬರುತ್ತವೆ. ಕಾಗದ ಹಳದಿಯಾಗಿರುವುದು ದೋಷವಲ್ಲ. ಪುಟದ ಮೂಲೆಯನ್ನು ಮೆಲ್ಲಗೆ ಬಾಗಿಸಿದಾಗ ಬಾಗದೆ ಮುರಿದರೆ, ಅಥವಾ ಪುಸ್ತಕ ಇಟ್ಟ ಜಾಗದಲ್ಲಿ ಕಾಗದದ ಚೂರು ಉದುರಿದ್ದರೆ, ಅದು ಕೈಯಲ್ಲಿ ಹಿಡಿದು ಓದುವ ಸ್ಥಿತಿ ದಾಟಿದೆ ಎಂದರ್ಥ.

ಹಾಗೆಯೇ ಗ್ರಂಥಾಲಯದ ಮೊಹರು ಇದ್ದರೆ ಜೊತೆಗೆ 'ರದ್ದುಪಡಿಸಲಾಗಿದೆ' ಎಂಬ ಮೊಹರೂ ಇದೆಯೇ ನೋಡಿ. ಇಲ್ಲದಿದ್ದರೆ ಬಿಡಿ, ಯಾವುದೋ ಗ್ರಂಥಾಲಯದ ಓದುಗರಿಗೆ ಸೇರಬೇಕಾದ ಪುಸ್ತಕ ಅದು.

ಪ್ರಶ್ನೆ: ಗೋಣಿಚೀಲದಲ್ಲಿ ತಂದ ಪುಸ್ತಕಗಳಲ್ಲಿ ಹುಳ ಇತ್ತು. ಮಳೆಗಾಲದಲ್ಲಿ ಕಪಾಟಿನ ಉಳಿದ ಪುಸ್ತಕಗಳಿಗೂ ಬೂಷ್ಟು ಹಿಡಿಯಿತು. ಬಿಸಿಲಿಗೆ ಹಾಕಲೇ? ನುಸಿಗುಳಿಗೆ ಇಡಲೇ?
– ಓದುಗರು, ಉಡುಪಿ

ಉತ್ತರ: ಹುಳ ಬೇರೆ, ಬೂಷ್ಟು ಬೇರೆ, ಮದ್ದೂ ಬೇರೆ.

ಮೊದಲು ಯಾವ ಹುಳ ನೋಡಿ. ಪುಟದಿಂದ ಪುಟಕ್ಕೆ ಸೂಜಿ ಚುಚ್ಚಿದಂತೆ ದುಂಡನೆಯ ತೂತು, ಪುಸ್ತಕವನ್ನು ಬಿಳಿ ಹಾಳೆಯ ಮೇಲೆ ತಟ್ಟಿದರೆ ನುಣ್ಣನೆಯ ಪುಡಿ ಉದುರಿದರೆ ಒಳಗೆ ಕೊರೆಯುವ ಹುಳ ಇನ್ನೂ ಜೀವಂತ ಇರುವ ಸಾಧ್ಯತೆ ಹೆಚ್ಚು. ತಟ್ಟಿ ಕೊಡವಿ ಎರಡು ವಾರ ಬಿಟ್ಟು ನೋಡಿದಾಗಲೂ ಹೊಸ ಪುಡಿ ಇಲ್ಲದಿದ್ದರೆ ಬಹುತೇಕ ಹಳೆಯ ಗಾಯ. ತೂತಿಲ್ಲದೆ ಹೊದಿಕೆಯ ಮೇಲ್ಮೈ ಕೆರೆದಂತೆ ಕಂಡರೆ ಅದು ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್, ಅಂಟಿನ ಆಸೆಗೆ ಬರುವಂಥದ್ದು. ಮಣ್ಣಿನ ಗೆರೆ ಕಂಡರೆ ಗೆದ್ದಲು. ಆಗ ಪುಸ್ತಕಕ್ಕಿಂತ ಮೊದಲು ಗೋಡೆಗೆ ಚಿಕಿತ್ಸೆ ಆಗಬೇಕು.

ಕೊರೆಯುವ ಹುಳಕ್ಕೆ ವಿಷ ಬೇಡ, ಫ್ರೀಜರ್ ಸಾಕು. ಒಣಗಿದ ಪುಸ್ತಕವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ಹಿಂಡಿ ತೆಗೆದು, ಬಾಯಿಗೆ ಟೇಪ್ ಹಾಕಿ. ಮೈನಸ್ 18 ಡಿಗ್ರಿ ಮುಟ್ಟುವ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಕೂಡದು. ಅವಸರದಲ್ಲಿ ಬಿಚ್ಚಿದರೆ ಹೊರಗಿನ ತೇವವೆಲ್ಲ ತಣ್ಣನೆಯ ಪುಟಗಳ ಮೇಲೆ ನೀರಾಗಿ ಕೂರುತ್ತದೆ, ಹುಳ ಸತ್ತರೂ ಬೂಷ್ಟಿಗೆ ದಾರಿಯಾಗುತ್ತದೆ. ಹಳೆಯ ಒಂದು ಬಾಗಿಲ ಫ್ರಿಜ್ಜುಗಳ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುವುದು ಕಷ್ಟ. ಥರ್ಮಾಮೀಟರ್ ಇಟ್ಟು ನೋಡಿ.

ಬೂಷ್ಟು ಫ್ರೀಜರಿಗೆ ಸಾಯುವುದಿಲ್ಲ, ಸುಮ್ಮನೆ ನಿದ್ದೆ ಹೋಗುತ್ತದೆ. ಆ ಪುಸ್ತಕಗಳನ್ನು ಬೇರೆ ಮಾಡಿ, ಗಾಳಿಯಾಡುವ ನೆರಳಿನಲ್ಲಿ ಫ್ಯಾನಿನಡಿ ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಗುಡಿಸಿ. ಹಸಿ ಇರುವಾಗ ಒರೆಸಿದರೆ ಕಲೆ ಕಾಗದದೊಳಗೆ ಇಳಿಯುತ್ತದೆ. ಸುಡುಬಿಸಿಲಿಗೆ ಹಾಕಬೇಡಿ: ಕಾಗದ ಕೆಂಪಾಗಿ ಪುಡಿಯಾಗುತ್ತದೆ, ರಟ್ಟು ಸೊಟ್ಟಗಾಗುತ್ತದೆ. ಕೋಣೆಯ ತೇವಾಂಶ ಶೇ. 60ರ ಒಳಗಿದ್ದರೆ ಬೂಷ್ಟು ಬೆಳೆಯದು. ಕರಾವಳಿಯ ಆಷಾಢದಲ್ಲಿ ಅದು 80 ದಾಟುತ್ತದೆ, ಆದ್ದರಿಂದ ಮುಚ್ಚಿದ ಕಪಾಟಿಗಿಂತ ತೆರೆದ ಕಪಾಟು ಮತ್ತು ದಿನಕ್ಕೆ ಒಂದೆರಡು ಗಂಟೆ ಫ್ಯಾನ್ ಮೇಲು.

ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್, ಬೂಷ್ಟು ತಡೆಯುವುದಿಲ್ಲ. ಅದರ ಆವಿ ಮಕ್ಕಳಿಗೆ, ಅದರಲ್ಲೂ ಹಸುಗೂಸುಗಳಿಗೆ, ಅಪಾಯ. ಮಲಗುವ ಕೋಣೆಯ ಕಪಾಟಿನಲ್ಲಂತೂ ಬೇಡವೇ ಬೇಡ. ಒಣಗಿದ ಬಜೆಯ ಪುಡಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಇಡುವುದು ಹಸ್ತಪ್ರತಿ ಭಂಡಾರಗಳ ಹಳೆಯ ರೂಢಿ. ಹುಳವನ್ನು ದೂರವಿಡಲು ಅದು ನೆರವಾಗುತ್ತದೆ, ಒಳಗಿರುವ ಹುಳವನ್ನು ಕೊಲ್ಲುವುದಿಲ್ಲ. ಹಸಿ ಬೇವಿನ ಸೊಪ್ಪು ಇಟ್ಟರೆ ತೇವವನ್ನೇ ತಂದಿಟ್ಟಂತೆ.

ಪ್ರಶ್ನೆ: ಹರಿದ ಪುಟಕ್ಕೆ ಸೆಲ್ಲೋ ಟೇಪ್ ಹಾಕಬಹುದೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಬೇಡ. ಕೆಲವು ವರ್ಷಗಳಲ್ಲಿ ಟೇಪ್ ಉದುರಿ, ಅದರ ಗೋಂದು ಮಾತ್ರ ಕಂದು ಪಟ್ಟಿಯಾಗಿ ಅಕ್ಷರಗಳ ಮೇಲೆ ಉಳಿಯುತ್ತದೆ. ಗೋಧಿ ಪಿಷ್ಟದ ತೆಳು ಅಂಟು ಮತ್ತು ತೆಳ್ಳನೆಯ ಟಿಶ್ಯೂ ಕಾಗದ ಸಾಕು. ಅಂಟಿಗೆ ಮೈಲುತುತ್ತ ಬೆರೆಸುವ ಹಳೆ ಪದ್ಧತಿ ಬಿಡಿ, ಅದು ಕಾಗದವನ್ನೇ ತಿನ್ನುತ್ತದೆ. ಬೈಂಡಿಂಗ್‌ಗೆ ಕೊಡುವುದಾದರೆ ಮೂರು ಮಾತು ಮೊದಲೇ ಹೇಳಿ: ಅಂಚು ಕತ್ತರಿಸಬೇಡಿ, ಹಳೆಯ ರಕ್ಷಾಪುಟ ಬಿಸಾಡದೆ ಒಳಗೆ ಸೇರಿಸಿ, ಪಕ್ಕದಿಂದ ಚುಚ್ಚಿ ಹೊಲಿಯಬೇಡಿ. ಪಕ್ಕದ ಹೊಲಿಗೆ ಬಿದ್ದರೆ ಒಳಸಾಲಿನ ಅಕ್ಷರಗಳು ನುಂಗಿಹೋಗುತ್ತವೆ, ಪುಸ್ತಕ ಮತ್ತೆ ಪೂರ್ತಿ ತೆರೆಯುವುದಿಲ್ಲ.

ಪ್ರಶ್ನೆ: ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಐದು ಬಿಡಿ ಸಂಪುಟ ಅಗ್ಗಕ್ಕೆ ಸಿಗುತ್ತಿವೆ. ಕೊಳ್ಳಲೇ? ಶಾಸನ ಸಂಪುಟಗಳನ್ನೂ ಹೀಗೆ ಬಿಡಿಯಾಗಿ ಕೂಡಿಸಬಹುದೆ?
– ಓದುಗರು, ಹಾಸನ

ಉತ್ತರ: ವಿಶ್ವಕೋಶ ಒಟ್ಟು 14 ಸಂಪುಟ, ಮೊದಲನೆಯದು ಬಂದದ್ದು 1969ರಲ್ಲಿ. ಲೇಖನಗಳು ಅಕಾರಾದಿಯಲ್ಲಿರುವುದರಿಂದ ಐದು ಸಂಪುಟ ಎಂದರೆ ಕೆಲವು ಅಕ್ಷರಗಳು ಮಾತ್ರ. ಉಳಿದ ಒಂಬತ್ತು ಸಿಗುವ ಭರವಸೆ ಇಲ್ಲದಿದ್ದರೆ ಅದು ಕಪಾಟು ತುಂಬುವ ಖರೀದಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿಗೂ ಇದೇ ಮಾತು.

ಶಾಸನ ಸಂಪುಟಗಳ ಕಥೆ ಬೇರೆ, ಅವು ಪ್ರದೇಶವಾರು ಇವೆ. ನಿಮ್ಮ ಜಿಲ್ಲೆಯ ಸಂಪುಟವೊಂದೇ ಇದ್ದರೂ ಅದು ತನ್ನಷ್ಟಕ್ಕೆ ಪೂರ್ಣ. ಆದರೆ ಈ ಶಾಸನ ಸಂಪುಟಗಳ ಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಎರಡು ಸರಣಿಗಳಿವೆ: ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಕಾಲದ ಹಳೆಯದು, 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತವಾದದ್ದು. ಎರಡರ ಸಂಪುಟ ಸಂಖ್ಯೆ ಎಲ್ಲ ಕಡೆ ತಾಳೆಯಾಗುವುದಿಲ್ಲ. ಹಳೆಯದರ 5ನೇ ಸಂಪುಟ ಹಾಸನ ಜಿಲ್ಲೆಯದು, ಪರಿಷ್ಕೃತ ಸರಣಿಯ 5ನೆಯದು ಮೈಸೂರು ಜಿಲ್ಲೆಯ ತಾಲ್ಲೂಕುಗಳದು. ಬೆನ್ನಿನ ಮೇಲಿನ ಸಂಖ್ಯೆ ನಂಬದೆ ಒಳಗಿನ ಶೀರ್ಷಿಕೆ ಪುಟದಲ್ಲಿ ತಾಲ್ಲೂಕಿನ ಹೆಸರು ಮತ್ತು ಇಸವಿ ಓದಿ. ಹಳೆ ಸರಣಿಗೆ ದೊಡ್ಡ ಬೆಲೆ ಹೇಳಿದರೆ ಮೊದಲು ಆರ್ಕೈವ್ ಡಾಟ್ ಆರ್ಗ್ ಜಾಲತಾಣದಲ್ಲಿ ಹುಡುಕಿ. ಹಕ್ಕುಸ್ವಾಮ್ಯ ಮುಗಿದ ಇಂಥ ಎಷ್ಟೋ ಪುಸ್ತಕಗಳು ಅಲ್ಲಿ ಉಚಿತ.

ಪ್ರಶ್ನೆ: ಫುಟ್‌ಪಾತಿನಲ್ಲಿ ಹೊಚ್ಚಹೊಸ ಪುಸ್ತಕಗಳು ಕಾಲು ಬೆಲೆಗೆ ಸಿಗುತ್ತವಲ್ಲ, ಅವು ಹಳೆ ದಾಸ್ತಾನೇ?
– ಓದುಗರು, ತುಮಕೂರು

ಉತ್ತರ: ಬಹುತೇಕ ಕಳ್ಳಮುದ್ರಣ. ರಕ್ಷಾಪುಟದ ಚಿತ್ರ ಮಸುಕು, ಸಣ್ಣ ಅಕ್ಷರಗಳ ಅಂಚು ಒಡೆದಿರುತ್ತದೆ; ಹಿಂದಿನ ಪುಟದ ಮಸಿ ಈಚೆಗೆ ಕಾಣುತ್ತದೆ; ಪುಟಗಳು ತುಸು ಓರೆ. ಕನ್ನಡ ಪುಸ್ತಕವಾದರೆ ಶೀರ್ಷಿಕೆ ಪುಟದ ಹಿಂಬದಿ ನೋಡಿ. ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಯಾವ ಕಾಗದ, ಯಾವ ಮುದ್ರಣಾಲಯ ಎಂದು ನಮ್ಮ ಪ್ರಕಾಶಕರು ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತಾರೆ. '70 ಜಿಎಸ್ಎಂ ಮ್ಯಾಪ್‌ಲಿಥೊ' (ಚದರ ಮೀಟರಿಗೆ 70 ಗ್ರಾಂ ತೂಗುವ ನುಣುಪಾದ ಬಿಳಿ ಕಾಗದ) ಎಂದು ಅಚ್ಚಾಗಿದ್ದು ಕೈಯಲ್ಲಿ ಪತ್ರಿಕೆಯ ಕಾಗದವಿದ್ದರೆ ಸಂಶಯವೇ ಬೇಡ. ಲೇಖಕರಿಗೆ ಒಂದು ಪೈಸೆ ಹೋಗದ ಪುಸ್ತಕ ಅದು. ಅದಕ್ಕಿಂತ ಓದಿ ಮಾಸಿದ ಅಸಲಿ ಪ್ರತಿ ಕೊಳ್ಳಿ.

ಪ್ರಶ್ನೆ: ಬೆಂಗಳೂರಿನ ಅಂಗಡಿಯಿಂದ ಪುಸ್ತಕ ತರಿಸುತ್ತೇವೆ. ಕೊರಿಯರ್ ಖರ್ಚೇ ಪುಸ್ತಕದಷ್ಟಾಗುತ್ತಿದೆ.
– ಓದುಗರು, ಡೊಂಬಿವಲಿ

ಉತ್ತರ: ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕ ಕಳಿಸಲು 'ಜ್ಞಾನ ಪೋಸ್ಟ್' ಎಂಬ ಅಗ್ಗದ ಸೇವೆ ಶುರು ಮಾಡಿದೆ. ಆಗ ನಿಗದಿಯಾದ ದರ 300 ಗ್ರಾಂವರೆಗೆ 20 ರೂಪಾಯಿ, ಗರಿಷ್ಠ 5 ಕಿಲೋಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ನಿಯತಕಾಲಿಕೆಗಳಿಗೆ ಈ ದರವಿಲ್ಲ. ಡೆಮಿ ಅಳತೆಯ, ಅಂದರೆ ಸಾಮಾನ್ಯ ಕಾದಂಬರಿಯ ಗಾತ್ರದ, 200 ಪುಟದ ಪುಸ್ತಕ ಸುಮಾರು 230 ಗ್ರಾಂ ತೂಗುತ್ತದೆ, ಅಂದರೆ ಒಂದು ಕಟ್ಟಿನಲ್ಲಿ ಇಪ್ಪತ್ತರ ಹತ್ತಿರ ಹಿಡಿಯುತ್ತವೆ. ಒಂದೊಂದೇ ತರಿಸದೆ ಕೂಡಿಸಿ ತರಿಸಿ. ಭೂಮಾರ್ಗದಲ್ಲಿ ಬರುವುದರಿಂದ ತಡವಾಗುತ್ತದೆ. ಮೊದಲು ಪ್ಲಾಸ್ಟಿಕ್, ಅದರ ಮೇಲೆ ನಾಲ್ಕೂ ಮೂಲೆ ಮುಚ್ಚುವಂತೆ ರಟ್ಟು ಹಾಕಲು ಅಂಗಡಿಯವರಿಗೆ ಹೇಳಿ. ದುಡ್ಡು ಕಳಿಸುವ ಮುನ್ನ ಮುಖಪುಟ, ಬೆನ್ನು, ಮುದ್ರಣ ವಿವರದ ಪುಟ, ಕೊನೆಯ ಪುಟ, ಈ ನಾಲ್ಕರ ಫೋಟೋ ಕೇಳಿ.

ಪ್ರಶ್ನೆ: ನಾಲ್ಕು ಅಡಿ ಉದ್ದದ ಹಲಗೆ ಹಾಕಿಸಿದ್ದೆ, ನಡುವೆ ಜೋತುಬಿದ್ದಿದೆ.
– ಓದುಗರು, ರಾಯಚೂರು

ಉತ್ತರ: ಆಧಾರವಿಲ್ಲದೆ ಅಷ್ಟು ಉದ್ದ ನಿಲ್ಲದು. 18 ಮಿ.ಮೀ. ಪ್ಲೈವುಡ್ ಆದರೂ ಎರಡೂವರೆ ಅಡಿಗೊಂದು ಆಧಾರ ಬೇಕು. ಪಾರ್ಟಿಕಲ್ ಬೋರ್ಡಿಗೆ ಎರಡೇ ಅಡಿ. ಈಗಿರುವ ಹಲಗೆಯನ್ನು ತಲೆಕೆಳಗು ಮಾಡಿ ಹಾಕಿ, ನಡುವೆ ಒಂದು ನಿಲುವು ಕೊಡಿಸಿ. ಆಳ 10 ಅಂಗುಲ ಸಾಕು. ಹೆಚ್ಚಾದರೆ ಎರಡು ಸಾಲು ಜೋಡಿಸುತ್ತೀರಿ, ಹಿಂದಿನ ಸಾಲು ಹುಳದ ಪಾಲಾಗುತ್ತದೆ. ಗೋಡೆಯಿಂದ ಎರಡು ಅಂಗುಲ, ನೆಲದಿಂದ ನಾಲ್ಕು ಅಂಗುಲ ಬಿಡಿ.

ಪ್ರಶ್ನೆ: ಒಂದೇ ಪುಸ್ತಕವನ್ನು ಎರಡು ಸಲ ಕೊಂಡೆ. ಪಟ್ಟಿ ಹೇಗೆ ಇಡಲಿ?
– ಓದುಗರು, ಸಾಗರ

ಉತ್ತರ: ಫೋನಿನಲ್ಲೇ ಒಂದು ಶೀಟ್ ಇಡಿ, ಅಂಗಡಿಯಲ್ಲಿ ನಿಂತಾಗ ಕೈಯಲ್ಲಿರುವುದು ಅದೇ. ಕ್ರಮಸಂಖ್ಯೆ, ಹೆಸರು, ಲೇಖಕ, ಪ್ರಕಾಶಕ, ಮುದ್ರಣದ ವರ್ಷ, ಕೊಟ್ಟ ಬೆಲೆ, ಕಪಾಟಿನ ಸಂಖ್ಯೆ ಸಾಕು. ಲೇಖಕರ ಕಾವ್ಯನಾಮ, ನಿಜನಾಮ ಎರಡನ್ನೂ ಬರೆಯಿರಿ. ಕನ್ನಡದಲ್ಲಿ ಪುನರಾವರ್ತನೆ ಆಗುವುದು ಹೆಚ್ಚಾಗಿ ಅಲ್ಲೇ. ಅದೇ ಕ್ರಮಸಂಖ್ಯೆಯನ್ನು ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಲ್ಲಿ ಹಾಕಿ, ಬಾಲ್‌ಪೆನ್ನಿನ ಒತ್ತು ಹತ್ತು ಪುಟ ಇಳಿಯುತ್ತದೆ. ಎರವಲು ಕೊಟ್ಟರೆ ಯಾರಿಗೆ, ಯಾವತ್ತು ಎಂದು ಇನ್ನೊಂದು ಕಾಲಂ. ಕೈಯಲ್ಲಿರುವ ಎರಡನೇ ಪ್ರತಿಯನ್ನು ಮಾರಬೇಡಿ, ಎರವಲು ಕೇಳುವವರಿಗೆ ಅದನ್ನೇ ಕೊಡಿ.