ಪಾಮ್ ಎಂ105ನಲ್ಲಿ ಪಿಗ್ಮಿ ಲೆಕ್ಕ ಬರೆದವನ ಉತ್ತರ

ಮಾವನ ಕಪಾಟಲ್ಲಿ ಹಳೇ ಪಾಮ್ ಎಂ105 (ಕಡ್ಡಿಯಲ್ಲಿ ಬರೆಯುವ, ಅಂಗೈಯಷ್ಟಿನ ಕಂಪ್ಯೂಟರ್) ಸಿಕ್ಕಿದೆ, ಮೊಬೈಲಿನ ಕಾಟ ತಪ್ಪಿಸ್ಲಿಕ್ಕೆ ಇನ್ನು ನೋಟ್ಸು, ಅಂಗಡಿ ಲೆಕ್ಕ ಎಲ್ಲ ಅದರಲ್ಲೇ ಬರೀಬಹುದಾ, ಇಲ್ಲ ಈಗಿನ ಹೊಸ ಪಾಕೆಟ್ ಕಂಪ್ಯೂಟರ್ ಒಂದು ತಗೊಳ್ಳುದಾ ಅಂತ ಕೇಳಿದ್ದೀರಿ. ಓದಿ ನಗು ಬಂತು ಮಾರಾಯ್ರೆ. ಅದೇ ಎಂ105, ಅದೇ ಲೆಕ್ಕ, 2003ರ ಮಳೆಗಾಲ.

ನಾನಾಗ ಉಡುಪಿಯಲ್ಲಿ ಒಂದು ಸೊಸೈಟಿಗೆ ಪಿಗ್ಮಿ ಕಲೆಕ್ಷನ್ ಮಾಡ್ತಿದ್ದೆ. ಊರಿನವರಿಗೆ ಪಿಗ್ಮಿ ಅಂದ್ರೆ ಎಂತ ಅಂತ ಹೇಳುದು ಬೇಡ, ಅದು ಹುಟ್ಟಿದ್ದೇ ಇಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತಲ್ಲ ಅವರು 1928ರಲ್ಲಿ ಶುರು ಮಾಡಿದ್ದು. ಗೊತ್ತಿಲ್ಲದವರಿಗೆ: ಅಂಗಡಿ ಅಂಗಡಿಗೆ ಹೋಗಿ ದಿನಾ 10, 20, 50 ರೂಪಾಯಿ ತಗೊಂಡು ಅವರವರ ಖಾತೆಗೆ ಕಟ್ಟುದು. ನನ್ನದು 64 ಖಾತೆ, ರಥಬೀದಿ, ತೆಂಕಪೇಟೆ, ಬಡಗುಪೇಟೆ ಎಲ್ಲ ಸೇರಿ ದಿನಕ್ಕೆ ಸುಮಾರು 1,600 ರೂಪಾಯಿ, ಕಮಿಷನ್ 3 ಪರ್ಸೆಂಟ್.

ಕುವೈಟಲ್ಲಿದ್ದ ಭಾವ ರಜೆಯಲ್ಲಿ ಬಂದವರು ಇದನ್ನು ಕೊಟ್ರು. ಕಿಸೆಯಲ್ಲಿ ಹಿಡಿತದೆ, ಎರಡು ಸಪೂರ ಸೆಲ್ ಹಾಕಿದ್ರೆ ವಾರಗಟ್ಲೆ ಓಡ್ತದೆ, ಬಟನ್ ಒತ್ತಿದ ಕೂಡ್ಲೆ ಆನ್, ಕಾಯುದು ಅಂತಲೇ ಇಲ್ಲ. ಮುಚ್ಚಳದಲ್ಲೊಂದು ಪುಟ್ಟ ಕಿಟಕಿ, ಮುಚ್ಚಳ ತೆಗೆಯದೇ ಒತ್ತಿದ್ರೆ ಗಂಟೆ ಕಾಣ್ತದೆ. ಬರೆಯುದು ಗ್ರಾಫಿಟಿ ಅಂತ ಅದರದ್ದೇ ಒಂದು ಲಿಪಿಯಲ್ಲಿ, ಕಡ್ಡಿ ಎತ್ತದೆ ಒಂದೇ ಗೀರಿಗೆ ಒಂದಕ್ಷರ. ಬರೆಯುವ ಜಾಗದ ಎಡಬದಿಯಲ್ಲಿ ಕೆಳಗಿಳಿಸಿ ಬಲಕ್ಕೆ ಗೀರಿದ್ರೆ ಎಲ್ ಬೀಳ್ತದೆ, ಅದೇ ಗೀರು ಬಲಬದಿಯಲ್ಲಿ ಹಾಕಿದ್ರೆ 4. ಒಂದು ವಾರ ಕೈ ತಪ್ಪಿತು, ಆಮೇಲೆ ಪೆನ್ನಿಗಿಂತ ಜೋರು. ಕನ್ನಡ ಇಲ್ಲ, ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಗಿಡ್ಡ ಮಾಡಿ ಬರೀಬೇಕು. ಒಂದು ಮೆಮೊಗೆ, ಅಂದ್ರೆ ಒಂದು ಟಿಪ್ಪಣಿಗೆ, 4,000 ಅಕ್ಷರದಷ್ಟೇ ಜಾಗ, ಹಾಗಾಗಿ ಬೀದಿಗೊಂದು ಮೆಮೊ ಮಾಡಿದ್ದೆ.

ಮತ್ತೆ ಒಂದು ವಿಷಯ ಹೇಳ್ತೇನೆ, ಈಗಿನ ಹೆಚ್ಚಿನ ಮೊಬೈಲಿಗೆ ಬಾರದ್ದು. ಮಳೆಗೆ ಅದನ್ನು ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿ ರಬ್ಬರ್ ಬ್ಯಾಂಡ್ ಕಟ್ತಿದ್ದೆ, ತೊಟ್ಟೆಯ ಮೇಲಿಂದಲೇ ಕಡ್ಡಿಯಲ್ಲಿ ಬರೆದ್ರೂ ತಗೊಳ್ತಿತ್ತು, ಆ ಸ್ಕ್ರೀನು ಒತ್ತುವಿಕೆಗೆ ಕೆಲಸ ಮಾಡುದು, ಬೆರಳೇ ಬೇಕು ಅಂತಿಲ್ಲ. ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಕಡ್ಡಿ, ಮಿಷನ್ನು ಮಲ್ಲಿಗೆ ಮಾರುವ ಅಕ್ಕನ ಬುಟ್ಟಿಯ ಅಂಚಿಗೆ. ಅಕ್ಕ ಚೆಂಡು ಕಟ್ಟುದು ಬಿಟ್ಟು ಅದನ್ನೇ ನೋಡ್ತಿದ್ರು.

ಇಲ್ಲಿಗೇ ನನ್ನ ತಪ್ಪು ಬರುದು. ಇದನ್ನು ಸ್ವಲ್ಪ ಉದ್ದ ಹೇಳ್ತೇನೆ, ಸಹಿಸ್ಕೊಳ್ಳಿ.

ಪಿಗ್ಮಿಯಲ್ಲಿ ಗಿರಾಕಿ ಹತ್ರ ಒಂದು ಕಾರ್ಡ್ ಇರ್ತದೆ. ಹಣ ತಗೊಂಡ ಕೂಡ್ಲೆ ಅದರಲ್ಲಿ ಬರೆದು ಸಹಿ ಹಾಕ್ಬೇಕು. ಪಾಮ್ ಬಂದ ಮೇಲೆ ನನಗೆ ಮಂಡೆಗೆ ಏರಿತು, ಕಂಪ್ಯೂಟರ್ ಉಂಟಲ್ಲ, ಮಳೆಯಲ್ಲಿ ಎಂತಕ್ಕೆ ಕಾರ್ಡ್ ಒದ್ದೆ ಮಾಡುದು, ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ ಬರೆದು ಕೊಡ್ತೇನೆ ಅಂತ ಎಲ್ಲರಿಗೂ ಹೇಳಿದೆ. ಅವರೂ ಆಯ್ತು ಅಂದ್ರು, ಇಷ್ಟು ವರ್ಷದ ನಂಬಿಕೆ. ಸೊಸೈಟಿಯಲ್ಲೂ ಒಟ್ಟು ಹಣ ದಿನಾ ಕಟ್ಟಿ ಹೆಸರುವಾರು ಪಟ್ಟಿ ಹದಿನೈದು ದಿನಕ್ಕೊಮ್ಮೆ ಕೊಟ್ರೆ ಸಾಕಿತ್ತು. ಅಂದ್ರೆ ಯಾರು ಎಷ್ಟು ಕೊಟ್ರು ಅನ್ನುದು ಇಡೀ ಲೋಕದಲ್ಲಿ ಒಂದೇ ಜಾಗದಲ್ಲಿ, ನನ್ನ ಕಿಸೆಯ ಆ ಡಬ್ಬಿಯಲ್ಲಿ. ಪ್ರತಿ ಆದಿತ್ಯವಾರ ಮಣಿಪಾಲಕ್ಕೆ ಹೋಗಿ ದೊಡ್ಡಮ್ಮನ ಮಗನ ಕಂಪ್ಯೂಟರಿಗೆ ಹಾಟ್‌ಸಿಂಕ್ ಮಾಡ್ತಿದ್ದೆ, ಅಂದ್ರೆ ಅದರಲ್ಲಿದ್ದದ್ದನ್ನು ಕಂಪ್ಯೂಟರಿಗೂ ನಕಲು ಮಾಡುದು, ಒಂದು ಆದಿತ್ಯವಾರ ಜೋರು ಮಳೆ, ಹೋಗ್ಲಿಲ್ಲ.

ಆ ಗುರುವಾರ ಬಡಗುಪೇಟೆಯ ಬೀಡದಂಗಡಿ ಎದುರು ಸೆಲ್ ಬದಲಿಸಿದೆ. ಎರಡು ದಿನದಿಂದ ಬ್ಯಾಟರಿ ಕಮ್ಮಿ ಅಂತ ಹೇಳ್ತಿತ್ತು. ಹೊಸ ಸೆಲ್ ತಗೊಂಡು, ಹಿಂದಿನ ಮುಚ್ಚಳ ತೆಗೆದು, ಹಳೇದು ಎರಡೂ ಹೊರಗೆ ಹಾಕಿದೆ, ಅಷ್ಟೊತ್ತಿಗೆ ಅಂಗಡಿಯ ಶೆಟ್ರು "ಓ ಇವರೇ, ಚಿಲ್ಲರೆ ಉಂಟಾ" ಅಂತ ನೂರರ ನೋಟು ಹಿಡಿದ್ರು, ನಾನು ಬ್ಯಾಗಿಂದ ಎಣಿಸಿ ಕೊಡ್ಲಿಕ್ಕೆ ಹೋದೆ, ಒಂದು ಸೆಲ್ ಉರುಳಿ ಸೋಡಾ ಕ್ರೇಟಿನ ಅಡಿಗೆ ಹೋಯ್ತು, ಬಗ್ಗಿ ತೆಗೆದೆ, ಒರೆಸಿದೆ, ಹಾಕಿದೆ, ನೋಡಿದ್ರೆ ಒಂದು ಉಲ್ಟಾ, ಪುನಃ ತೆಗೆದು ಹಾಕಿದೆ. ಮೂರು ನಿಮಿಷ ಆಗಿರ್ಬಹುದು.

ಆ ಮಿಷನ್ನಿನಲ್ಲಿ ನೀವು ಬರೆದದ್ದೆಲ್ಲ ಕೂತ್ಕೊಳ್ಳುದು 8 ಎಂಬಿ ರ‍್ಯಾಮಲ್ಲಿ, ಕರೆಂಟ್ ಇದ್ರೆ ಉಂಟು, ಹೋದ್ರೆ ಇಲ್ಲ. ಸೆಲ್ ಬದಲಿಸುವಾಗ ಒಂದು ಪುಟ್ಟ ಕೆಪಾಸಿಟರ್ ಸ್ವಲ್ಪ ಕರೆಂಟ್ ಹಿಡಿದಿಡ್ತದೆ, ಹೆಚ್ಚೆಂದ್ರೆ ಒಂದು ನಿಮಿಷ. ಆನ್ ಮಾಡಿದೆ. ಸ್ವಾಗತ ಅಂತ ಬಂತು. ಆಮೇಲೆ ಸ್ಕ್ರೀನಿನ ಮೂಲೆಯಲ್ಲೊಂದು ಗುರಿಯ ಚಿಹ್ನೆ, ಇದರ ನಡುವೆ ಒತ್ತಿ ಅಂತ. ನಾನು ಪೆದ್ದ, ಸೆಲ್ ಹಾಕಿದ್ದಕ್ಕೆ ಕೇಳುದಾಗಿರ್ಬೇಕು ಅಂತ ಒಂದೊಂದಾಗಿ ಒತ್ತಿದೆ. ಮೆಮೊ ತೆರೆದ್ರೆ ಬೀದಿಯೂ ಇಲ್ಲ ಎಂತದೂ ಇಲ್ಲ, ಕಂಪನಿಯವರು ಮೊದಲೇ ಬರೆದಿಟ್ಟ ನಾಲ್ಕು ಮಾತು, ಅದರಲ್ಲೊಂದು ಬ್ಯಾಟರಿ ಉಳಿಸುದು ಹೇಗೆ ಅಂತ.

ಹತ್ತು ದಿನದ ಕಲೆಕ್ಷನ್ ಹೋಯ್ತು. ಹಣ ಸೊಸೈಟಿಯಲ್ಲಿತ್ತು, ಯಾರದ್ದು ಎಷ್ಟು ಅಂತ ಮಾತ್ರ ಇಲ್ಲ.

ಇದನ್ನು ಹೇಳಿದಾಗ ಎಲ್ಲರೂ ಸೆಲ್ಲನ್ನೇ ಹಿಡ್ಕೊಳ್ತಾರೆ, ಬೇಗ ಹಾಕ್ಬೇಕಿತ್ತು, ಆದಿತ್ಯವಾರ ಸಿಂಕ್ ಮಾಡ್ಬೇಕಿತ್ತು ಅಂತ. ಅಲ್ಲ. ಸೆಲ್ ಒಂದಲ್ಲ ಒಂದು ದಿನ ಬೀಳ್ತದೆ, ಮಿಷನ್ ಕೆಸರಿಗೂ ಬೀಳ್ತದೆ, ಬಸ್ಸಲ್ಲಿ ಕಳ್ಳ ಹೊಡಿತಾನೆ. ಕಾರ್ಡ್ ಬರೆಯುದು ಬಿಟ್ಟದ್ದೇ ತಪ್ಪು. ಕಾರ್ಡ್ ಬರೆದಿದ್ರೆ ಆ ದಿನ ಶೆಟ್ರ ಅಂಗಡಿಯಲ್ಲಿ ಒಂದು ಸೋಡಾ ಕುಡಿದು, ಮಾರನೇ ದಿನದಿಂದ ಕಾರ್ಡ್ ನೋಡಿ ನಕಲು ಮಾಡ್ತಿದ್ದೆ, ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. 64 ಕಾರ್ಡ್ ಅಂದ್ರೆ 64 ಕಡೆ ಬ್ಯಾಕಪ್, ಅದೂ ಪುಕ್ಕಟೆ, ಅದನ್ನು ನಾನೇ ಕೈಯಾರೆ ತೆಗೆದು ಹಾಕಿದ್ದು.

ಮತ್ತೆ ಎಂತ ಮಾಡುದು, ಒಬ್ಬೊಬ್ಬರ ಹತ್ರ ಹೋಗಿ ಕೇಳಿದೆ. ಹೆಚ್ಚಿನವರು ಸರಿಯಾಗೇ ಹೇಳಿದ್ರು. ಮಲ್ಲಿಗೆ ಅಕ್ಕ "ಎರಡು ದಿನ ಹೂವೇ ಇರ್ಲಿಲ್ಲ, ಆ ದಿನ ನಾನು ಕೊಡ್ಲಿಲ್ಲ ಮಗಾ" ಅಂತ ನೆನಪು ಮಾಡಿ ಕಮ್ಮಿಯೇ ಹೇಳಿದ್ರು. ಕೆಲವರು ದಿನವೂ ಕೊಟ್ಟಿದ್ದೇನೆ ಅಂದ್ರು, ಅವರು ಸುಳ್ಳು ಹೇಳಿದ್ದು ಅಂತಲೂ ಹೇಳ್ಲಿಕ್ಕಾಗುದಿಲ್ಲ, ದಿನಾ ಕೊಡುವವನಿಗೆ ಕೊಡದ ದಿನ ಎಲ್ಲಿ ನೆನಪಿರ್ತದೆ. ಎಲ್ಲ ಕೂಡಿಸಿದ್ರೆ ಕಟ್ಟಿದ ಹಣಕ್ಕಿಂತ 1,140 ರೂಪಾಯಿ ಜಾಸ್ತಿ. ನನ್ನ ಒಂದು ತಿಂಗಳ ಕಮಿಷನ್ ಹತ್ತಿರ ಹತ್ತಿರ ಅಷ್ಟೇ. ಕೈಯಿಂದ ಹಾಕಿದೆ. ಮೂರು ಖಾತೆ ಬಿಟ್ಟೂ ಹೋಯ್ತು.

ಇನ್ನು ನಿಮ್ಮ ಪ್ರಶ್ನೆ. ಮೊಬೈಲಿನ ಕಾಟಕ್ಕೆ ಪಾಮ್ ಮದ್ದು ಅನ್ನುದನ್ನು ನಾನು ಒಪ್ಪುದಿಲ್ಲ. ಇಂಟರ್‌ನೆಟ್ಟೇ ಇಲ್ಲದ ಆ ಡಬ್ಬಿಯಲ್ಲೇ ನಾನು ಸಿಟಿ ಬಸ್ ಸ್ಟ್ಯಾಂಡಲ್ಲಿ ಕೂತು ಆಟ ಆಡಿ ಎರಡೆರಡು ಬಸ್ ಬಿಟ್ಟಿದ್ದೇನೆ. ಕಾಟ ಕೊಡುದು ಮಿಷನ್ ಅಲ್ಲ, ನಮ್ಮ ಬೆರಳು. ಹೊಸ ಪಾಕೆಟ್ ಕಂಪ್ಯೂಟರ್ ನಿಮಗೆ ಬೇಡವೇ ಬೇಡ, ಅಂಗಡಿ ಲೆಕ್ಕಕ್ಕೆ ಅದು ಪೊಕ್ಕಡೆ ಖರ್ಚು.

ಪಾಮ್ ಇಟ್ಕೊಳ್ಳಿ, ಖಂಡಿತ ಇಟ್ಕೊಳ್ಳಿ, ಬರೆಯುವ ಖುಷಿಯೇ ಬೇರೆ. ಆದ್ರೆ ಮೊದಲು ಸೆಲ್ ಹಾಕುವ ಜಾಗದಲ್ಲಿ ಹಸಿರು-ಬಿಳಿ ಪುಡಿ ಕೂತಿದೆಯಾ ನೋಡಿ, ನಮ್ಮ ಊರಿನ ಹವೆಗೆ ಕೂತಿರ್ತದೆ, ಇಯರ್ ಬಡ್ಡಿಗೆ ಸ್ವಲ್ಪ ವಿನೆಗರ್ ಹಚ್ಚಿ ಉಜ್ಜಿ ಒಣಗಿಸಿ. ಇಷ್ಟು ವರ್ಷದಲ್ಲಿ ಆ ಕೆಪಾಸಿಟರ್ ಸತ್ತಿರ್ಬಹುದು, ಒಂದು ನಿಮಿಷವೂ ಸಿಗುದಿಲ್ಲ ಅಂತಲೇ ಲೆಕ್ಕ ಇಡಿ. ಅಂಗಡಿ ಲೆಕ್ಕ ಮೊದಲು ಪುಸ್ತಕದಲ್ಲಿ, ಆಮೇಲೆ ಬೇಕಾದ್ರೆ ಅದರಲ್ಲಿ. ಸಿಂಕ್ ಕೇಬಲ್ ಹಳೇ ಸೀರಿಯಲ್ ಪೋರ್ಟಿನದ್ದು, ಈಗಿನ ಲ್ಯಾಪ್‌ಟಾಪಿಗೆ ಅಡಾಪ್ಟರ್ ಬೇಕಾಗ್ತದೆ. ಮಾವನ ಕಪಾಟಲ್ಲಿ ಕೇಬಲ್ ಸಿಗ್ಲಿಲ್ಲ ಅಂದ್ರೆ ಹೇಳಿ, ನನ್ನದು ಇನ್ನೂ ಉಂಟು, ಉಡುಪಿ ಕಡೆ ಬಂದಾಗ ತಗೊಂಡು ಹೋಗಿ.